ಮೂರು ಕೆಲ್ವಿನ್‌ನ ಲೆಕ್ಕ

ಮೀಡಿಯಂ ವೇವ್ ರೇಡಿಯೋದ ಕಿವಿ ತಿರುಗಿಸುತ್ತ ಆಕಾಶವಾಣಿ ಕೇಂದ್ರಗಳನ್ನು ಹುಡುಕಿದ ತಲೆಮಾರಿಗೆ ಎರಡು ಕೇಂದ್ರಗಳ ನಡುವೆ ಕೇಳಿಸುವ ‘ಸರ್’ ಎಂಬ ಸದ್ದಿನ ಪರಿಚಯ ಚೆನ್ನಾಗಿಯೇ ಇದೆ. ನಾವೆಲ್ಲ ಅದನ್ನು ದಾಟಿ ಮುಂದಿನ ಕೇಂದ್ರಕ್ಕೆ ಹೋಗುತ್ತಿದ್ದೆವು. ಆದರೆ ಕೆಲವರು ಆ ಸದ್ದಿನಲ್ಲೇ ನಿಂತರು. ಅದು ಎಲ್ಲಿಂದ ಬರುತ್ತದೆ, ಅದರಲ್ಲಿ ಆಕಾಶದ್ದೆಷ್ಟು, ನಮ್ಮ ಯಂತ್ರದ್ದೆಷ್ಟು ಎಂದು ಲೆಕ್ಕ ಹಾಕಿದರು. ರೇಡಿಯೋ ರಿಸೀವರಿನ ಮುಂಭಾಗದ ಇತಿಹಾಸವೆಂದರೆ ಬಹುಮಟ್ಟಿಗೆ ಈ ಲೆಕ್ಕದ ಇತಿಹಾಸವೇ.

ಮುಂಭಾಗವೆಂದರೆ ಆಂಟೆನಾದಿಂದ ಬಂದ ಅತಿ ಕ್ಷೀಣವಾದ ಸಂಕೇತ ಮೊದಲು ಕಾಲಿಡುವ ಜಾಗ. ಅಲ್ಲಿ ಬೇಡದ ತರಂಗಗಳನ್ನು ಸೋಸುವ ಫಿಲ್ಟರ್, ಸಂಕೇತವನ್ನು ಬಲಪಡಿಸುವ ಆಂಪ್ಲಿಫೈಯರ್ ಮತ್ತು ಹೆಚ್ಚಿನ ಕಂಪನಾಂಕವನ್ನು ಕೆಳಗಿಳಿಸುವ ಮಿಕ್ಸರ್ ಇರುತ್ತವೆ. ಹೀಗೆ ಕೆಳಗಿಳಿಸುವ ಉಪಾಯ, ಅಂದರೆ ಸೂಪರ್‌ಹೆಟರೊಡೈನ್, ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ ಅಮೆರಿಕದ ಸೈನ್ಯದಲ್ಲಿದ್ದಾಗ ರೂಪಿಸಿದ್ದು. ಫ್ರಾನ್ಸಿನ ಲೂಸಿಯನ್ ಲೆವಿ ಕೂಡ ಅದರ ಹಕ್ಕು ಕೇಳಿದರು. ಆ ಜಗಳದ ಕಥೆ ದೊಡ್ಡದು, ಇಲ್ಲಿ ಬೇಡ.

1928ರಲ್ಲಿ ಬೆಲ್ ಲ್ಯಾಬೊರೇಟರಿಯ ಜಾನ್ ಜಾನ್ಸನ್ ಮತ್ತು ಹ್ಯಾರಿ ನೈಕ್ವಿಸ್ಟ್ ಒಂದು ಮೂಲಭೂತ ವಿಷಯವನ್ನು ಪ್ರಕಟಿಸಿದರು. ಇಬ್ಬರೂ ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರು. ಯಾವುದೇ ವಿದ್ಯುತ್ ನಿರೋಧಕದಲ್ಲಿ ಎಲೆಕ್ಟ್ರಾನುಗಳು ಶಾಖದಿಂದಾಗಿ ಸುಮ್ಮನಿರದೆ ಅಲೆದಾಡುತ್ತವೆ. ಆ ಅಲೆದಾಟವೇ ಗದ್ದಲವಾಗಿ ಹೊರಬರುತ್ತದೆ. ಜಾನ್ಸನ್ ಅದನ್ನು ಅಳೆದರು, ನೈಕ್ವಿಸ್ಟ್ ಅದಕ್ಕೆ ಸಿದ್ಧಾಂತ ಕೊಟ್ಟರು. ಆ ಗದ್ದಲದ ಶಕ್ತಿ ವಸ್ತು ತಾಮ್ರವೋ ಇಂಗಾಲವೋ ಎಂಬುದನ್ನು ಅವಲಂಬಿಸಿಲ್ಲ. ಉಷ್ಣತೆ ಎಷ್ಟು, ಎಷ್ಟು ಅಗಲದ ಕಂಪನಾಂಕ ಪಟ್ಟಿಯಲ್ಲಿ ಕೇಳುತ್ತಿದ್ದೇವೆ, ಇವೆರಡೇ ಮುಖ್ಯ. ಹೀಗಾಗಿಯೇ ಇಂಜಿನಿಯರುಗಳು ಗದ್ದಲವನ್ನು ಉಷ್ಣತೆಯಲ್ಲೇ ಹೇಳುತ್ತಾರೆ. ‘ಈ ಆಂಪ್ಲಿಫೈಯರಿನದು 50 ಕೆಲ್ವಿನ್’ ಎಂದರೆ ಅದು ಮುಟ್ಟಿದರೆ ತಣ್ಣಗಿದೆ ಎಂದಲ್ಲ. ಅಷ್ಟು ಉಷ್ಣತೆಯ ನಿರೋಧಕ ಹುಟ್ಟಿಸುವಷ್ಟು ಗದ್ದಲವನ್ನು ಅದು ತನ್ನ ಕಡೆಯಿಂದ ಸೇರಿಸುತ್ತದೆ ಎಂದರ್ಥ.

ಅದೇ 1928ರಲ್ಲಿ ಬೆಲ್ ಸಂಸ್ಥೆ ಸೇರಿದ ಕಾರ್ಲ್ ಜಾನ್ಸ್ಕಿ ಎಂಬ ಯುವಕನಿಗೆ ಒಂದು ಸಾಧಾರಣ ಕೆಲಸ ಕೊಟ್ಟರು. ಸಾಗರದಾಚೆಗಿನ ರೇಡಿಯೋ ಟೆಲಿಫೋನಿಗೆ ಅಡ್ಡಿಯಾಗುವ ಗರಗರ ಸದ್ದಿನ ಮೂಲ ಹುಡುಕುವುದು. ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ಆತ ಸುಮಾರು 30 ಮೀಟರ್ ಉದ್ದದ ಆಂಟೆನಾ ಕಟ್ಟಿ, ಅದನ್ನು ಫೋರ್ಡ್ ಕಾರಿನ ಚಕ್ರಗಳ ಮೇಲೆ ಕೂರಿಸಿ, ಜಾತ್ರೆಯ ತೊಟ್ಟಿಲಿನಂತೆ ಸುತ್ತು ತಿರುಗಿಸಿದರು. 20.5 ಮೆಗಾಹರ್ಟ್ಸ್‌ನಲ್ಲಿ ಕೇಳಿದರು. ಹತ್ತಿರದ ಗುಡುಗು, ದೂರದ ಗುಡುಗು, ಇವೆರಡರ ಜೊತೆಗೆ ಮೂರನೆಯದಾಗಿ ಒಂದು ಎಡೆಬಿಡದ ಸದ್ದು ಸಿಕ್ಕಿತು. ಅದು ದಿನಕ್ಕೆ 24 ಗಂಟೆಗೆ ಬದಲು 23 ಗಂಟೆ 56 ನಿಮಿಷಕ್ಕೊಮ್ಮೆ ತನ್ನ ಜಾಗಕ್ಕೆ ಮರಳುತ್ತಿತ್ತು. ಅದು ನಕ್ಷತ್ರಗಳ ದಿನ, ಸೂರ್ಯನದಲ್ಲ. ಸದ್ದು ನಮ್ಮ ಆಕಾಶಗಂಗೆಯ ಮಧ್ಯಭಾಗದಿಂದ ಬರುತ್ತಿದೆ ಎಂದು 1933ರಲ್ಲಿ ಪ್ರಕಟಿಸಿದರು. ಪತ್ರಿಕೆಗಳ ಮುಖಪುಟದಲ್ಲಿ ಸುದ್ದಿಯಾಯಿತು. ಆದರೆ ಜಾನ್ಸ್ಕಿಗೆ ಬೇರೆ ಕೆಲಸ ವಹಿಸಲಾಯಿತು. 1950ರಲ್ಲಿ, 44ರ ವಯಸ್ಸಿನಲ್ಲೇ ಅವರು ತೀರಿಕೊಂಡರು.

ಜಾನ್ಸ್ಕಿಯ ಮೇಲಧಿಕಾರಿಯಾಗಿದ್ದವರು ಹೆರಾಲ್ಡ್ ಫ್ರಿಸ್, ಡೆನ್ಮಾರ್ಕಿನವರು. ಎರಡನೆಯ ಮಹಾಯುದ್ಧದ ರಾಡಾರ್ ಕೆಲಸದ ನಡುವೆ ಅವರು ಒಂದು ತೊಡಕನ್ನು ಬಿಡಿಸಬೇಕಾಯಿತು. ಒಬ್ಬೊಬ್ಬರು ಒಂದೊಂದು ರೀತಿ ರಿಸೀವರ್ ಅಳೆದು ನಮ್ಮದೇ ಉತ್ತಮ ಎನ್ನುತ್ತಿದ್ದರೆ ಹೋಲಿಸುವುದು ಹೇಗೆ? 1944ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ‘ನಾಯ್ಸ್ ಫಿಗರ್’ ಎಂಬ ಅಳತೆಯನ್ನು ಸ್ಪಷ್ಟಪಡಿಸಿದರು, ಹಂತ ಹಂತವಾಗಿ ಜೋಡಿಸಿದ ರಿಸೀವರಿನ ಒಟ್ಟು ಗದ್ದಲಕ್ಕೆ ಸೂತ್ರ ಕೊಟ್ಟರು. ಇಂದಿಗೂ ಸಂವಹನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಪರೀಕ್ಷೆಗೆ ಉರು ಹೊಡೆಯುವುದು ಅದನ್ನೇ. ಉರು ಹೊಡೆಯುವ ಬದಲು ಒಮ್ಮೆ ಅಂಕಿ ಹಾಕಿ ನೋಡಿದರೆ ಮರೆಯುವುದಿಲ್ಲ.

ಒಂದು ಒಳ್ಳೆಯ ಆಂಪ್ಲಿಫೈಯರ್ ಇದೆ ಎನ್ನೋಣ. ಗದ್ದಲ 20 ಕೆಲ್ವಿನ್, ವರ್ಧನೆ 1000 ಪಟ್ಟು. ಇನ್ನೊಂದು ಕಳಪೆಯದು. ಗದ್ದಲ 1000 ಕೆಲ್ವಿನ್, ವರ್ಧನೆ 10 ಪಟ್ಟು. ಒಳ್ಳೆಯದನ್ನು ಮುಂದಿಟ್ಟರೆ ಹಿಂದಿನದರ ಗದ್ದಲ 1000ದಿಂದ ಭಾಗಿಸಲ್ಪಟ್ಟು ಬರಿಯ 1 ಕೆಲ್ವಿನ್ ಆಗುತ್ತದೆ, ಒಟ್ಟು 21. ಕಳಪೆಯದನ್ನು ಮುಂದಿಟ್ಟರೆ ಒಟ್ಟು 1002. ಬಿಡಿಭಾಗಗಳು ಅವೇ, ಖರ್ಚೂ ಅಷ್ಟೇ, ಬದಲಾದದ್ದು ಸಾಲಿನ ಕ್ರಮ ಮಾತ್ರ. ಹಿಂದೆ ದೂರದರ್ಶನದ ಕಾಲದಲ್ಲಿ ಬೂಸ್ಟರನ್ನು ಟಿ.ವಿ.ಯ ಪಕ್ಕದಲ್ಲಿಟ್ಟು ‘ಚಿತ್ರ ಸರಿಯಾಗಲಿಲ್ಲ’ ಎಂದು ಬೇಸರಪಟ್ಟವರು ಎಷ್ಟೋ ಮಂದಿ. ಉದ್ದ ಕೇಬಲಿನಲ್ಲಿ ಸಂಕೇತ ಸೊರಗಿದ ಮೇಲೆ ಬಲಪಡಿಸಿದರೆ ಗದ್ದಲವೂ ಜೊತೆಗೇ ಬಲವಾಗುತ್ತದೆ. ಬೂಸ್ಟರ್ ಇರಬೇಕಾದದ್ದು ಮಾಳಿಗೆಯ ಮೇಲಿನ ಕಂಬದಲ್ಲಿ. ಡಿಷ್ ಆಂಟೆನಾದ ಮೂತಿಯಲ್ಲೇ ಪುಟ್ಟ ಆಂಪ್ಲಿಫೈಯರ್ ಕೂರಿಸಿರುವುದೂ ಇದೇ ಕಾರಣಕ್ಕೆ.

ಯುದ್ಧಕಾಲದಲ್ಲಿ ಎಂ.ಐ.ಟಿ.ಯ ರೇಡಿಯೇಷನ್ ಲ್ಯಾಬೊರೇಟರಿಯಲ್ಲಿದ್ದ ರಾಬರ್ಟ್ ಡಿಕಿ ಮತ್ತೊಂದು ತೊಂದರೆಗೆ ದಾರಿ ಕಂಡರು. ಆಂಪ್ಲಿಫೈಯರಿನ ವರ್ಧನೆ ಕ್ಷಣಕ್ಷಣಕ್ಕೂ ತುಸು ಏರಿಳಿಯುತ್ತದೆ. ಹಾಗಾದಾಗ ಆಕಾಶ ಬದಲಾಯಿತೋ ಯಂತ್ರ ಬದಲಾಯಿತೋ ತಿಳಿಯದು. ಡಿಕಿ ಸೆಕೆಂಡಿಗೆ 30 ಬಾರಿ ರಿಸೀವರನ್ನು ಆಂಟೆನಾಕ್ಕೂ ಗೊತ್ತಾದ ಉಷ್ಣತೆಯ ಒಂದು ಆಕರಕ್ಕೂ ಅದಲುಬದಲು ಜೋಡಿಸಿ ವ್ಯತ್ಯಾಸವನ್ನಷ್ಟೇ ಅಳೆದರು. ತಕ್ಕಡಿಯ ಒಂದು ತಟ್ಟೆಯಲ್ಲಿ ಸರಕು, ಇನ್ನೊಂದರಲ್ಲಿ ಬೊಟ್ಟು ಇಟ್ಟಂತೆ. ಇದನ್ನು ಬಳಸಿ ವಾತಾವರಣವನ್ನು ಅಳೆದ 1946ರ ಲೇಖನದಲ್ಲಿ, ಬಾಹ್ಯಾಕಾಶದಿಂದ ಬರುವ ವಿಕಿರಣ 20 ಕೆಲ್ವಿನ್‌ಗಿಂತ ಕಡಿಮೆ ಎಂಬ ಒಂದು ಮಾತೂ ಇತ್ತು. ಬರೆದವರೇ ಮುಂದೆ ಅದನ್ನು ಮರೆತುಬಿಟ್ಟರು!

ಈಗ ಮತ್ತೆ ಹೋಮ್‌ಡೆಲ್‌ಗೆ ಬರೋಣ. 1960ರ ಆಗಸ್ಟ್ 12ರಂದು ಹಾರಿಸಿದ ‘ಎಕೋ’ ಉಪಗ್ರಹ ಒಂದು ದೊಡ್ಡ ಬೆಳ್ಳಿಬಣ್ಣದ ಬಲೂನು. ಅದಕ್ಕೆ ಬಡಿದು ಹಿಂತಿರುಗುವ ಸಂಕೇತ ಎಷ್ಟು ಕ್ಷೀಣವೆಂದರೆ ಅದಕ್ಕಾಗಿಯೇ ತುತ್ತೂರಿಯಾಕಾರದ, 6 ಮೀಟರ್ ಬಾಯಿಯ ಆಂಟೆನಾ ಕಟ್ಟಿದರು. ಮೊದಲ ಹಂತದಲ್ಲಿ ದ್ರವ ಹೀಲಿಯಮ್‌ನಲ್ಲಿ ತಣಿಸಿದ ಮೇಸರ್ ಆಂಪ್ಲಿಫೈಯರ್ ಇಟ್ಟರು. ಎಡ್ವರ್ಡ್ ಓಮ್ ಎಂಬ ಇಂಜಿನಿಯರ್ 1961ರಲ್ಲಿ ಅದರ ಗದ್ದಲದ ಪಟ್ಟಿ ಪ್ರಕಟಿಸಿದರು. ಆಕಾಶ 2.3 ಕೆಲ್ವಿನ್, ಆಂಟೆನಾ 2, ತರಂಗನಳಿಗೆ 7, ಮೇಸರ್ 7, ಅದರ ಹಿಂದಿನ ಪರಿವರ್ತಕ ಕೇವಲ 0.6. ಕೊನೆಯ ಅಂಕಿ ಇಷ್ಟು ಚಿಕ್ಕದಾದದ್ದು ಫ್ರಿಸ್ ಸೂತ್ರದ ಕೃಪೆ. ಒಟ್ಟು 18.9, ತಪ್ಪಿನ ಅವಕಾಶ ಆಚೀಚೆ 3. ಅಳೆದಾಗ ಬಂದದ್ದು 22.2, ತಪ್ಪಿನ ಅವಕಾಶ 2.2. ಉಳಿದ 3.3 ಕೆಲ್ವಿನ್ ಎಲ್ಲಿಯದು? ತಪ್ಪಿನ ಅವಕಾಶಗಳು ಒಂದರ ಮೇಲೊಂದು ಬರುತ್ತಿದ್ದುದರಿಂದ ಅಲ್ಲಿಗೆ ಬಿಟ್ಟರು. ಓಮ್ ಅವರನ್ನು ದೂರುವುದು ಸರಿಯಲ್ಲ ಎಂದು ನನಗನ್ನಿಸುತ್ತದೆ. ಅವರ ಕೆಲಸ ಉಪಗ್ರಹದ ಮಾತು ಕೇಳಿಸುವುದು, ಅದು ಕೇಳಿಸಿತು. ಕೂಡದ ಅಂಕಿಯನ್ನು ಮರೆಮಾಚದೆ ಅಚ್ಚು ಹಾಕಿಸಿದ್ದೇ ದೊಡ್ಡತನ.

ಎಕೋ ಮುಗಿದ ಮೇಲೆ ಅದೇ ಆಂಟೆನಾ ಆರ್ನೊ ಪೆನ್ಸಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಕೈಗೆ ಬಂತು. ಪೆನ್ಸಿಯಾಸ್ ಮ್ಯೂನಿಕ್‌ನಲ್ಲಿ ಹುಟ್ಟಿದ ಯಹೂದಿ ಬಾಲಕ; 1939ರಲ್ಲಿ, ಆರು ವರ್ಷದವನಾಗಿದ್ದಾಗ, ನಾಜಿಗಳಿಂದ ಪಾರುಮಾಡಲು ಮಕ್ಕಳನ್ನು ಸಾಗಿಸುತ್ತಿದ್ದ ರೈಲಿನಲ್ಲಿ ಇಂಗ್ಲೆಂಡಿಗೆ ಬಂದು ಮುಂದೆ ಅಮೆರಿಕ ಸೇರಿದವರು. ಇವರಿಬ್ಬರೂ ಓಮ್‌ಗಿಂತ ಒಂದು ಹೆಜ್ಜೆ ಮುಂದಿಟ್ಟದ್ದು ಒಂದೇ ವಿಷಯದಲ್ಲಿ. ದ್ರವ ಹೀಲಿಯಮ್‌ನಲ್ಲಿಟ್ಟ, ಸುಮಾರು 5 ಕೆಲ್ವಿನ್‌ನ ಗೊತ್ತಾದ ಆಕರವೊಂದನ್ನು ಪೆನ್ಸಿಯಾಸ್ ಕಟ್ಟಿದರು. ಆಕಾಶವನ್ನೂ ಅದನ್ನೂ ಒಂದೇ ರಿಸೀವರಿನಿಂದ ಹೋಲಿಸಿದರು, ಡಿಕಿ ತೋರಿಸಿದ ದಾರಿಯಲ್ಲೇ. ಈಗ ರಿಸೀವರಿನ ಸ್ವಂತ ಗದ್ದಲ ಎಷ್ಟಿದ್ದರೂ ಹೋಲಿಕೆಯಲ್ಲಿ ವಜಾ ಆಗುತ್ತದೆ.

1964ರಲ್ಲಿ 4080 ಮೆಗಾಹರ್ಟ್ಸ್‌ನಲ್ಲಿ ನೆತ್ತಿಯ ಮೇಲಿನ ಆಕಾಶದಿಂದ ಬಂದದ್ದು 6.7 ಕೆಲ್ವಿನ್. ವಾತಾವರಣದ್ದು 2.3, ಆಂಟೆನಾ ಲೋಹದ ನಷ್ಟ 0.8, ಹಿಂದಿನಿಂದ ನುಸುಳುವ ನೆಲದ ಶಾಖ 0.1ಕ್ಕಿಂತ ಕಡಿಮೆ. ಉಳಿದದ್ದು 3.5, ತಪ್ಪಿನ ಅವಕಾಶ 1. ಈ ಬಾರಿ ತಪ್ಪಿನ ಅವಕಾಶದೊಳಗೆ ಅಡಗಿಸಲು ಜಾಗವಿರಲಿಲ್ಲ. ಆಂಟೆನಾವನ್ನು ನ್ಯೂಯಾರ್ಕಿನತ್ತ ತಿರುಗಿಸಿದರು, ಅಲ್ಲಿಯದಲ್ಲ. ತಿಂಗಳುಗಟ್ಟಲೆ ಕಾದರು, ಋತುವಿನೊಂದಿಗೆ ಬದಲಾಗಲಿಲ್ಲ. ತುತ್ತೂರಿಯೊಳಗೆ ಗೂಡು ಕಟ್ಟಿದ್ದ ಪಾರಿವಾಳಗಳ ಜೋಡಿಯನ್ನು ಹಿಡಿದು ದೂರಕ್ಕೆ ಕಳಿಸಿದರೆ ಅವು ಮರಳಿ ಬಂದವು. ಕೊನೆಗೆ ಅವುಗಳನ್ನು ತೊಲಗಿಸಿ, ಹಿಕ್ಕೆ ತೊಳೆದು, ತಗಡಿನ ಬೆಸುಗೆಗಳ ಮೇಲೆ ಅಲ್ಯೂಮಿನಿಯಮ್ ಪಟ್ಟಿ ಅಂಟಿಸಿದರು. ಅಂಕಿ ಅಷ್ಟಾಗಿ ಕದಲಲಿಲ್ಲ.

ಅದೇ ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ನಲ್ಲಿ ಡಿಕಿ ಮತ್ತು ಸಂಗಡಿಗರು ವಿಶ್ವದ ಬಿಸಿ ಹುಟ್ಟಿನ ಅಳಿದುಳಿದ ಶಾಖವನ್ನು ಹುಡುಕಲು ರಿಸೀವರ್ ಕಟ್ಟುತ್ತಿದ್ದರು. 1965ರ ಆರಂಭದಲ್ಲಿ ಪೆನ್ಸಿಯಾಸ್ ಫೋನ್ ಮಾಡಿದಾಗ ತಾವು ಹುಡುಕಲು ಹೊರಟದ್ದು ಬೇರೆಯವರಿಗೆ ಸಿಕ್ಕಿದೆ ಎಂದು ಡಿಕಿಗೆ ತಿಳಿಯಿತು. ಎರಡು ಲೇಖನಗಳು ಜೊತೆಯಾಗಿ ಬಂದವು. 1978ರ ನೊಬೆಲ್ ಬಹುಮಾನದ ಪಾಲು ಪೆನ್ಸಿಯಾಸ್ ಮತ್ತು ವಿಲ್ಸನ್‌ಗೆ ಬಂತು, ಡಿಕಿಗೆ ಬರಲಿಲ್ಲ. 1948ರಲ್ಲೇ ಸುಮಾರು 5 ಕೆಲ್ವಿನ್ ಎಂದು ಲೆಕ್ಕ ಹಾಕಿದ್ದ ರಾಲ್ಫ್ ಆಲ್ಫರ್ ಮತ್ತು ರಾಬರ್ಟ್ ಹರ್ಮನ್ ಹೆಸರು ಬಹುಕಾಲ ಯಾರಿಗೂ ನೆನಪಾಗಲಿಲ್ಲ. ಉಪಗ್ರಹಗಳಿಂದ ಅಳೆದ ಮೇಲೆ ಆ ಅಂಕಿ 2.725 ಕೆಲ್ವಿನ್‌ಗೆ ನಿಂತಿದೆ.

ಈ ಲೆಕ್ಕದ ಮುಂದುವರಿದ ಭಾಗ ನಮ್ಮ ನಾಡಿನ ನೀರಿನ ಮೇಲೆ ನಡೆದಿದೆ. 2018ರಲ್ಲಿ ‘ಎಡ್ಜಸ್’ ಎಂಬ ತಂಡ ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿಟ್ಟ ರಿಸೀವರಿನಲ್ಲಿ, 78 ಮೆಗಾಹರ್ಟ್ಸ್ ಸುತ್ತ ಅರ್ಧ ಕೆಲ್ವಿನ್‌ನಷ್ಟು ತಗ್ಗು ಕಂಡಿದೆ, ಅದು ಮೊದಲ ನಕ್ಷತ್ರಗಳ ಗುರುತು ಎಂದು ಪ್ರಕಟಿಸಿತು. ಈ ಕಂಪನಾಂಕಗಳಲ್ಲಿ ಆಕಾಶವೇ ಸಾವಿರಕ್ಕೂ ಹೆಚ್ಚು ಕೆಲ್ವಿನ್ ಗದ್ದಲ ಮಾಡುತ್ತದೆ. ಹಾಗಾಗಿ ಇಲ್ಲಿ ದ್ರವ ಹೀಲಿಯಮ್ ಬೇಕಿಲ್ಲ. ತೊಂದರೆ ಬೇರೆ. ಆಂಟೆನಾ ಮತ್ತು ಆಂಪ್ಲಿಫೈಯರ್ ಸರಿಯಾಗಿ ಹೊಂದಿಕೊಳ್ಳದಿದ್ದರೆ, ಕೆಳಗಿನ ನೆಲದ ಪದರಗಳಿಂದ ತರಂಗ ಪ್ರತಿಫಲಿಸಿದರೆ, ರಿಸೀವರೇ ಅಂಥದೊಂದು ತಗ್ಗನ್ನು ಸೃಷ್ಟಿಸಬಲ್ಲದು.

ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯವರು ತಮ್ಮ ‘ಸರಸ್’ ಉಪಕರಣದ ಮೂರನೆಯ ರೂಪವನ್ನು 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ತೇಲಿಬಿಟ್ಟರು. ನೆಲದಡಿ ಎಲ್ಲಿ ಕಲ್ಲು, ಎಲ್ಲಿ ತೇವ ಎಂದು ತಿಳಿಯದು. ನೀರಾದರೆ ಎಲ್ಲೆಡೆ ಒಂದೇ ಸಮ. ಎಫ್.ಎಂ. ಕೇಂದ್ರಗಳು 88 ಮೆಗಾಹರ್ಟ್ಸ್‌ನಿಂದಲೇ ಶುರುವಾಗುವುದರಿಂದ ಅವುಗಳ ಕಾಟ ಕಡಿಮೆ ಇರುವ ಜಾಗವೂ ಬೇಕಿತ್ತು. 55ರಿಂದ 85 ಮೆಗಾಹರ್ಟ್ಸ್ ವರೆಗಿನ ಅಳತೆಗಳನ್ನು ವಿಶ್ಲೇಷಿಸಿ, ಸೌರಭ್ ಸಿಂಗ್ ಮತ್ತು ಸಂಗಡಿಗರು 2022ರ ಫೆಬ್ರವರಿಯಲ್ಲಿ ‘ನೇಚರ್ ಅಸ್ಟ್ರಾನಮಿ’ ಪತ್ರಿಕೆಯಲ್ಲಿ ತಮ್ಮ ತೀರ್ಮಾನ ಪ್ರಕಟಿಸಿದರು. ಆಸ್ಟ್ರೇಲಿಯಾದಲ್ಲಿ ಕಂಡ ಆ ತಗ್ಗು ಅದೇ ರೂಪದಲ್ಲಿ ಆಕಾಶದಲ್ಲಿಲ್ಲ ಎಂದು, ಶೇಕಡ 95.3ರ ಭರವಸೆಯಿಂದ. ಮೊದಲ ನಕ್ಷತ್ರಗಳ ಗುರುತು ಸರಸ್‌ಗೂ ಸಿಕ್ಕಿರಲಿಲ್ಲ. ಆ ಅರ್ಧ ಕೆಲ್ವಿನ್ ಯಾರದು ಎಂಬ ಪ್ರಶ್ನೆಗೆ ಮಾತ್ರ, ಆಕಾಶದ್ದಲ್ಲ ಎಂಬಷ್ಟು ಉತ್ತರ ಸಿಕ್ಕಿತ್ತು.