ಹೃದ್ರೋಗಿಗಳಿಗೆ ಕೆಳಗಿನ ಬಿಪಿ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದೇ?

2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಸಾಲುಗಟ್ಟಿದ್ದರು. ಮಾದಿಹಳ್ಳಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಬಿಪಿ ಚೀಟಿಯಲ್ಲಿ ಎರಡು ಸಂಖ್ಯೆಗಳಿರುತ್ತವೆ. ಮೇಲಿನದು ಹೃದಯ ಕುಗ್ಗುವಾಗಿನ ಒತ್ತಡ (ಸಿಸ್ಟೋಲಿಕ್). ಕೆಳಗಿನದು ಹಿಗ್ಗುವಾಗಿನದು (ಡಯಾಸ್ಟೋಲಿಕ್).

ಕೆಳಗಿನ ಸಂಖ್ಯೆ ಏಕೆ ಮುಖ್ಯ?

ಹೃದಯದ ಸ್ನಾಯುವಿಗೆ ರಕ್ತ ಹೆಚ್ಚಾಗಿ ಹರಿಯುವುದು ಅದು ಹಿಗ್ಗುವಾಗ. ರಕ್ತನಾಳ ಮೊದಲೇ ಕಿರಿದಾಗಿದ್ದು, ಈ ಒತ್ತಡವೂ ತೀರಾ ಇಳಿದರೆ ಸ್ನಾಯುವಿಗೆ ರಕ್ತ ಸಾಲದೆ ಹೋಗಬಹುದು.

ಅಧ್ಯಯನ ಏನು ಹೇಳುತ್ತದೆ?

45 ದೇಶಗಳ 22,672 ಹೃದ್ರೋಗಿಗಳನ್ನು ಗಮನಿಸಿದ ಕ್ಲಾರಿಫೈ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಇವರೆಲ್ಲ ಬಿಪಿಗೆ ಚಿಕಿತ್ಸೆ ಪಡೆಯುತ್ತಿದ್ದವರು. ಡಯಾಸ್ಟೋಲಿಕ್ 80 ಅಥವಾ ಹೆಚ್ಚಿದ್ದವರಲ್ಲಿ ಅಪಾಯ ಹೆಚ್ಚಿತ್ತು. 70ಕ್ಕಿಂತ ಕಡಿಮೆ ಇದ್ದವರಲ್ಲೂ ಹೆಚ್ಚಿತ್ತು. ಇದನ್ನೇ ವೈದ್ಯರು 'ಜೆ ರೇಖೆ' ಎನ್ನುತ್ತಾರೆ.

ಆದರೆ ಇದು ವೀಕ್ಷಣಾ ಅಧ್ಯಯನ. ವಯಸ್ಸಾಗಿ ರಕ್ತನಾಳ ಗಡುಸಾದಾಗಲೂ, ಬೇರೆ ಕಾಯಿಲೆಯಿಂದ ದೇಹ ಸೊರಗಿದಾಗಲೂ ಕೆಳಗಿನ ಬಿಪಿ ಇಳಿಯುತ್ತದೆ. ಹಾಗಾಗಿ ಕಡಿಮೆ ಬಿಪಿಯೇ ಅಪಾಯಕ್ಕೆ ಕಾರಣ ಎಂದು ಇದರಿಂದಷ್ಟೇ ಹೇಳಲಾಗದು.

ಹಾಗಾದರೆ ಗುರಿ ಎಷ್ಟು?

ಯುರೋಪಿನ ಹೃದ್ರೋಗ ತಜ್ಞರ ಸಂಘದ 2018ರ ಮಾರ್ಗಸೂಚಿ ಚಿಕಿತ್ಸೆಯಲ್ಲಿರುವವರಿಗೆ 70ರಿಂದ 79ರ ಗುರಿ ನೀಡಿದೆ. ಮೇಲಿನ ಬಿಪಿ ಹೆಚ್ಚಿದ್ದು ಕೆಳಗಿನದು 70ಕ್ಕಿಂತ ಕಡಿಮೆಯಿದ್ದರೆ, ಯಾವುದಕ್ಕೆ ಆದ್ಯತೆ ಎಂಬುದನ್ನು ವೈದ್ಯರೇ ತೀರ್ಮಾನಿಸಬೇಕು.

ನಾವು ಹೇಳುವುದಿಷ್ಟು: ಒಮ್ಮೆ 65 ಬಂತೆಂದು ಮಾತ್ರೆ ನಿಲ್ಲಿಸಬೇಡಿ. ಕೆಲವು ದಿನಗಳ ಎರಡೂ ಸಂಖ್ಯೆಗಳನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿ. ತಲೆಸುತ್ತು ಇದ್ದರೆ ಅದನ್ನೂ ತಿಳಿಸಿ. ಎದೆನೋವು ಬಂದರೆ ಕಾಯದೆ 108ಕ್ಕೆ ಕರೆ ಮಾಡಿ.