ಪರೇಲಿನಿಂದ ಪರದೇಶಕ್ಕೆ: 1938ರ ಚೀನಾ ವೈದ್ಯಮಂಡಲಿ ಮತ್ತು ಅದರ ನಾಯಕತ್ವ

1938ನೆಯ ಇಸವಿ ಸೆಪ್ಟೆಂಬರ್ 1ರಂದು ‘ರಾಜಪುತಾನಾ’ ಎಂಬ ಹಡಗು ಮುಂಬಯಿ ಬಂದರನ್ನು ಬಿಟ್ಟು ಪೂರ್ವಾಭಿಮುಖವಾಗಿ ಹೊರಟಾಗ, ಅದರಲ್ಲಿ ಐವರು ಭಾರತೀಯ ವೈದ್ಯರಿದ್ದರು: ಅಲಹಾಬಾದಿನ ಮದನಮೋಹನಲಾಲ ಅಟಲ್, ನಾಗಪುರದ ಚೋಳ್ಕರ್, ಕಲಕತ್ತೆಯ ಬಸು ಮತ್ತು ಮುಖರ್ಜಿ, ಸೊಲ್ಲಾಪುರದ ದ್ವಾರಕಾನಾಥ ಕೋಟ್ನೀಸ್. ಜಪಾನಿನ ಆಕ್ರಮಣಕ್ಕೆ ತುತ್ತಾಗಿದ್ದ ಚೀನಾ ದೇಶದ ಗಾಯಾಳುಗಳ ಶುಶ್ರೂಷೆಗಾಗಿ ಕಾಂಗ್ರೆಸ್ ಮಹಾಸಭೆಯು ಕಳುಹಿಸಿದ ಈ ಮಂಡಲಿಯ ನಾಯಕರು ಅಟಲ್, ಉಪನಾಯಕರು ಚೋಳ್ಕರ್, ಉಳಿದ ಮೂವರು ಕೇವಲ ಸದಸ್ಯರು. ಅವರಲ್ಲಿ ಕೊನೆಯುಸಿರಿನವರೆಗೂ ಅಲ್ಲಿಯೇ ನಿಂತವರು ಕೋಟ್ನೀಸರು. ಖ್ವಾಜಾ ಅಹಮದ್ ಅಬ್ಬಾಸರ ‘ಅಂಡ್ ಒನ್ ಡಿಡ್ ನಾಟ್ ಕಮ್ ಬ್ಯಾಕ್’ ಎಂಬ ಪುಸ್ತಕದ ಹೆಸರು ಮರಳಿ ಬಾರದ ಆ ಒಬ್ಬರನ್ನೇ ಕುರಿತದ್ದಾದುದರಿಂದ, ಮರಳಿ ಬಂದ ನಾಲ್ವರ ಕಥೆಯು ಅಂದಿನಿಂದಲೂ ನೆರಳಿನಲ್ಲಿಯೇ ಉಳಿದಿದೆ.

ಪ್ರಕೃತ ಲೇಖನದ ವಿಷಯವು ಕೋಟ್ನೀಸರ ತ್ಯಾಗವಲ್ಲ. ಅದನ್ನು ಬಣ್ಣಿಸಿದವರು ಬೇಕಾದಷ್ಟು ಮಂದಿ ಇದ್ದಾರೆ. ಪರದೇಶವೊಂದರಲ್ಲಿ ಆರೋಗ್ಯಸೇವೆಯನ್ನು ನಡೆಸುವ ಸಂಸ್ಥೆಯ ಮುಖ್ಯಸ್ಥನು ವಾಸ್ತವವಾಗಿ ಏನು ಮಾಡಬೇಕಾಗುತ್ತದೆ, ಅವನ ಅಧಿಕಾರವು ಯಾರಿಂದ ಬರುತ್ತದೆ ಮತ್ತು ಯಾವಾಗ ಕೈಬಿಟ್ಟು ಹೋಗುತ್ತದೆ ಎಂಬುದೇ ಇಲ್ಲಿಯ ಜಿಜ್ಞಾಸೆ. ಅಂತಹವನಿಗೆ ಇಬ್ಬರು ಒಡೆಯರು: ಹಣ ಕೊಟ್ಟು ಕಳುಹಿಸಿದವರು ಒಬ್ಬರು, ನೆಲ ಕೊಟ್ಟು ಇರಿಸಿಕೊಂಡವರು ಇನ್ನೊಬ್ಬರು. ಇಂದಿನ ಸಂಸ್ಥೆಗಳು ಆ ಹುದ್ದೆಯನ್ನು ‘ಹೆಡ್ ಆಫ್ ಮಿಷನ್’ ಎನ್ನುತ್ತವೆ. 1938ರಲ್ಲಿ ಅದಕ್ಕೆ ಇದ್ದ ಹೆಸರು ಬರಿಯ ‘ನಾಯಕ’ ಎಂದಷ್ಟೆ. ಕೆಲಸದ ಕಷ್ಟ ಮಾತ್ರ ಎರಡೂ ಕಾಲಕ್ಕೆ ಒಂದೇ.

ಮುಂಬಯಿಗೆ ಈ ಕಷ್ಟವು ಅಪರಿಚಿತವಾಗಿರಲಿಲ್ಲ. ನಾಲ್ಕು ದಶಕಗಳ ಹಿಂದೆ, 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯ ಗಲ್ಲಿಗಳಲ್ಲಿ ಪ್ಲೇಗು ಕಾಣಿಸಿಕೊಂಡು, ಅದನ್ನು ಡಾಕ್ಟರ್ ಅಕಾಸಿಯೊ ವಿಯೇಗಸ್ ಗುರುತಿಸಿದ ಕೆಲವೇ ದಿನಗಳಲ್ಲಿ, ಒಡೆಸ್ಸಾದಲ್ಲಿ ಹುಟ್ಟಿ ಪ್ಯಾರಿಸಿನ ಪಾಸ್ತರ್ ಸಂಸ್ಥೆಯಲ್ಲಿ ಪಳಗಿದ್ದ ವಾಲ್ಡೆಮಾರ್ ಹಾಫ್‌ಕಿನ್ ಈ ನಗರಕ್ಕೆ ಬಂದಿಳಿದನು. ಗ್ರಾಂಟ್ ವೈದ್ಯಕೀಯ ಕಾಲೇಜಿನ ಇಕ್ಕಟ್ಟಾದ ಜಾಗದಲ್ಲಿ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಅದನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು. ಅದೇ ತಿಂಗಳ ಕೊನೆಗೆ ಬೈಕುಲಾ ಸೆರೆಮನೆಯ ಕೈದಿಗಳ ಮೇಲೆ ಪರೀಕ್ಷೆ ನಡೆಯಿತು. 1899ರಲ್ಲಿ ಪರೇಲಿನ ಹಳೆಯ ಗವರ್ನರ್ ಬಂಗಲೆಯೇ ಅವನ ಪ್ರಯೋಗಶಾಲೆಯಾಯಿತು. ಇಷ್ಟು ಕೀರ್ತಿಯನ್ನು ಕೆಡಿಸಲು ಒಂದು ಶೀಶೆ ಸಾಕಾಯಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಲಸಿಕೆ ಹಾಕಿಸಿಕೊಂಡ 107 ಜನರ ಪೈಕಿ 19 ಮಂದಿ ಧನುರ್ವಾಯುವಿಗೆ ಬಲಿಯಾದರು. ಅವರೆಲ್ಲರಿಗೂ ಮದ್ದು ಬಂದದ್ದು 53–ಎನ್ ಎಂಬ ಸಂಖ್ಯೆಯ ಒಂದೇ ಶೀಶೆಯಿಂದ. ದೋಷವಾದದ್ದು ಪರೇಲಿನಲ್ಲೋ, ಶೀಶೆಯ ಬಿರಡೆ ತೆಗೆದ ಹಳ್ಳಿಯಲ್ಲೋ ಎಂಬ ವಿವಾದವು ವರ್ಷಗಟ್ಟಲೆ ನಡೆದು, ನೆಲಕ್ಕೆ ಬಿದ್ದ ಚಿಮಟವನ್ನು ಸರಿಯಾಗಿ ಶುದ್ಧಿಮಾಡದೆ ಬಳಸಿದ ಸಂಗತಿ ಹೊರಬಿದ್ದು, 1907ರಲ್ಲಿ ಹಾಫ್‌ಕಿನ್ ನಿರ್ದೋಷಿಯೆಂದಾಗುವ ಹೊತ್ತಿಗೆ ಅವನ ಹುದ್ದೆಯು ಎಂದೋ ಹೋಗಿತ್ತು. ತಾನು ಕಾಣದ ಊರಿನಲ್ಲಿ ತಾನರಿಯದ ಕೈಯಿಂದ ಜಾರಿದ ಚಿಮಟಕ್ಕೂ ಉತ್ತರ ಹೇಳಬೇಕಾದವನು ಮುಖ್ಯಸ್ಥನೇ. ಹಾಫ್‌ಕಿನ್ನನನ್ನು ಕಳುಹಿಸಿದ ಒಡೆಯನೂ ಇರಿಸಿಕೊಂಡ ಒಡೆಯನೂ ಒಂದೇ ಸರಕಾರವಾಗಿದ್ದುದರಿಂದ, ಒಬ್ಬರು ಕೈಬಿಟ್ಟಾಗ ಹಿಡಿದುಕೊಳ್ಳಲು ಇನ್ನೊಬ್ಬರು ಇರಲಿಲ್ಲ.

ಇನ್ನು ಕೋಟ್ನೀಸರು. 1910ರಲ್ಲಿ ಅವರು ಹುಟ್ಟಿದ ಸೊಲ್ಲಾಪುರವು ನಮಗೆ ಸಿದ್ಧರಾಮನ ಸೊನ್ನಲಿಗೆ. ಕನ್ನಡ, ಮರಾಠಿ, ತೆಲುಗು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವ ಊರು. ಅಂದಿನ ಮುಂಬಯಿ ಇಲಾಖೆಗೆ ಸೇರಿದ ಧಾರವಾಡ, ಬಿಜಾಪುರ, ಬೆಳಗಾವಿ, ಕಾರವಾರಗಳ ಹುಡುಗರಂತೆಯೇ, ವೈದ್ಯನಾಗಬೇಕೆಂಬ ಸೊಲ್ಲಾಪುರದ ಹುಡುಗನೂ ರೈಲು ಹತ್ತಿ ಬರಬೇಕಾದುದು ಮುಂಬಯಿಗೇ. ಅವರು ಓದಿದ ಸೇಠ್ ಗೋರ್ಧನದಾಸ ಸುಂದರದಾಸ ವೈದ್ಯಕೀಯ ಕಾಲೇಜು ಪರೇಲಿನ ಕೆ.ಇ.ಎಂ. ಆಸ್ಪತ್ರೆಗೆ ಹೊಂದಿಕೊಂಡು 1926ರಲ್ಲಿ ಆರಂಭವಾದುದು. ಹಣ ಕೊಟ್ಟ ಆ ವ್ಯಾಪಾರಿಯ ಧರ್ಮದರ್ಶಿಗಳು ಅದಕ್ಕೊಂದು ಷರತ್ತು ಹಾಕಿದ್ದರು: ಅಲ್ಲಿ ಕಲಿಸುವವರು ಸರಕಾರಿ ನೌಕರಿಯಲ್ಲಿರದ ಯೋಗ್ಯ ಭಾರತೀಯರೇ ಆಗಿರತಕ್ಕದ್ದು. ಉನ್ನತ ವೈದ್ಯಾಧಿಕಾರವೆಲ್ಲ ಬಿಳಿಯರ ಸೊತ್ತೆಂದು ತಿಳಿದಿದ್ದ ಕಾಲದಲ್ಲಿ, ಭಾರತೀಯನು ಆಸ್ಪತ್ರೆಯೊಂದನ್ನು ತಾನೇ ಆಳಬಲ್ಲನೆಂಬುದನ್ನು ಆ ಕಾಲೇಜಿನ ವಿದ್ಯಾರ್ಥಿಗಳು ದಿನಬೆಳಗಾದರೆ ಕಣ್ಣಾರೆ ಕಾಣುತ್ತಿದ್ದರು. ಮುಂದೆ ಚೀನಾದ ಬೆಟ್ಟಗಳ ನಡುವೆ ಆಸ್ಪತ್ರೆಯೊಂದರ ಭಾರ ಹೊತ್ತ ತರುಣನನ್ನು ಕುರಿತು ಬರೆಯುವವರು ಈ ಷರತ್ತನ್ನು ಗಮನಿಸದಿರುವುದು ನನಗೆ ಆಶ್ಚರ್ಯವೆನಿಸುತ್ತದೆ.

ಮಂಡಲಿಯ ಹುಟ್ಟು ಒಂದು ಪತ್ರದಿಂದ. ಚೀನೀ ಸಾಮ್ಯವಾದಿಗಳ ಎಂಟನೆಯ ಮಾರ್ಗದ ಸೈನ್ಯದ ದಳಪತಿ ಚು ತೆ 1937ರ ಕೊನೆಯಲ್ಲಿ ಜವಾಹರಲಾಲ ನೆಹರೂ ಅವರಿಗೆ ಬರೆದು ವೈದ್ಯಕೀಯ ನೆರವನ್ನು ಕೋರಿದನು, ಮರುವರ್ಷ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ಜನತೆಗೆ ಕರೆಯಿತ್ತರು, ಜುಲೈ ತಿಂಗಳ ‘ಚೀನಾ ದಿನ’ಗಳಲ್ಲಿ 22,000 ರೂಪಾಯಿಗಳ ನಿಧಿ ಕೂಡಿತು, ವೈದ್ಯರೊಂದಿಗೆ ಆಂಬುಲೆನ್ಸ್ ವಾಹನವನ್ನೂ ಕಳುಹಿಸಲಾಯಿತು. ಸ್ವತಃ ಪರಾಧೀನವಾಗಿದ್ದ ದೇಶವೊಂದು ತನ್ನ ಸರಕಾರವನ್ನು ಬದಿಗಿಟ್ಟು ಇನ್ನೊಂದು ದೇಶಕ್ಕೆ ವೈದ್ಯರನ್ನು ಕಳುಹಿಸಿದ ಈ ಸಾಹಸಕ್ಕೆ ಆಧಾರವಾದದ್ದು ಜನರು ಕೂಡಿಸಿದ ಆ ಹಣವೊಂದೇ.

ಅಟಲರ ಆಯ್ಕೆಗೆ ಕಾರಣವು ಸ್ಪಷ್ಟವಾಗಿದೆ. ಅವರು ಆಗಲೇ ಸ್ಪೇನಿನ ಅಂತರ್ಯುದ್ಧದಲ್ಲಿ ಗಣರಾಜ್ಯದ ಪಕ್ಷದ ಗಾಯಾಳುಗಳಿಗೆ ಚಿಕಿತ್ಸೆ ಮಾಡಿ ಬಂದವರು. ಕೆನಡಾದ ಶಸ್ತ್ರವೈದ್ಯ ನಾರ್ಮನ್ ಬೆಥೂನ್ ಕೂಡ ಸ್ಪೇನಿನಲ್ಲಿ ರಕ್ತಪೂರಣದ ಸಂಚಾರಿ ದಳವನ್ನು ಕಟ್ಟಿ, ಅನಂತರ ಚೀನಾಕ್ಕೆ ಬಂದವನು. ಆ ಕಾಲದ ಯುದ್ಧವೈದ್ಯರಿಗೆ ಸ್ಪೇನು ಒಂದು ಪಾಠಶಾಲೆಯಾಗಿತ್ತೆಂದರೆ ತಪ್ಪಾಗದು. ಸೆಪ್ಟೆಂಬರ್ ಮಧ್ಯದಲ್ಲಿ ಕ್ಯಾಂಟನ್ನಿನಲ್ಲಿ ಸನ್ ಯಾಟ್ ಸೆನ್ನರ ಪತ್ನಿ ಸುಂಗ್ ಚಿಂಗ್‌ಲಿಂಗ್ ಮೊದಲಾದವರು ಮಂಡಲಿಯನ್ನು ಸ್ವಾಗತಿಸಿದ ಮೇಲೆ ಅಟಲರ ನಿಜವಾದ ಪರೀಕ್ಷೆ ಮೊದಲಾಯಿತು. ಆಹ್ವಾನವಿತ್ತವನು ಸಾಮ್ಯವಾದಿ ಸೇನಾಪತಿ. ಆದರೆ ರಹದಾರಿ, ವಾಹನ, ಕೆಲಸದ ಸ್ಥಳ ಎಲ್ಲವೂ ಚಿಯಾಂಗ್ ಕೈ ಶೇಕನ ಸರಕಾರದ ಮತ್ತು ಚೀನೀ ರೆಡ್ ಕ್ರಾಸಿನ ಕೈಯಲ್ಲಿ. ಈ ಎರಡು ಪಕ್ಷಗಳು ಹೊರಗೆ ಕೈಕುಲುಕಿ ಒಳಗೆ ಒಂದನ್ನೊಂದು ನಂಬದೆ ಇದ್ದಂಥವು. ಮಂಡಲಿಯು ಹ್ಯಾಂಕೋ, ಯಿಚಾಂಗ್, ಚುಂಗ್‌ಕಿಂಗ್‌ಗಳಲ್ಲಿ ರೆಡ್ ಕ್ರಾಸಿನ ಅಧೀನದಲ್ಲಿ ಕೆಲಸ ಮಾಡುತ್ತ, ಯಾರ ಮನಸ್ಸನ್ನೂ ಮುರಿಯದೆ, ಹೊರಟ ಉದ್ದೇಶವನ್ನೂ ಮರೆಯದೆ, 1939ರ ಫೆಬ್ರವರಿಯಲ್ಲಿ ಸಾಮ್ಯವಾದಿಗಳ ನೆಲೆಯಾದ ಯೆನಾನನ್ನು ತಲುಪಿತು. ಹಡಗು ಹತ್ತಿದ ದಿನದಿಂದ ಐದು ತಿಂಗಳಿಗೂ ಮೇಲ್ಪಟ್ಟ ಈ ಅವಧಿಯನ್ನು ಚರಿತ್ರಕಾರರು ಪ್ರಯಾಣವೆಂದು ಕರೆದು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ಅದು ಪ್ರಯಾಣವಲ್ಲ, ರಾಜತಂತ್ರ. ಅಪ್ಪಣೆಗಾಗಿ ಕಚೇರಿಯ ಬೆಂಚಿನ ಮೇಲೆ ಕಾಯುವುದು ಶಸ್ತ್ರಕ್ರಿಯೆಯಷ್ಟು ರೋಚಕವಲ್ಲದಿರಬಹುದು, ಆದರೆ ಅದಿಲ್ಲದೆ ಶಸ್ತ್ರಕ್ರಿಯೆಯೂ ಇಲ್ಲ. ಅಟಲರಿಗೆ ಈ ವಿಷಯದಲ್ಲಿ ಅನ್ಯಾಯವಾಗಿದೆಯೆಂದು ನನ್ನ ಅಭಿಪ್ರಾಯ.

ಚುಂಗ್‌ಕಿಂಗ್‌ನಲ್ಲಿ ನಡೆದ ಎರಡು ಸಂಗತಿಗಳನ್ನು ಇಲ್ಲಿ ಹೇಳಬೇಕು. ಐವರಿಗೂ ಚೀನೀ ಹೆಸರುಗಳನ್ನಿಟ್ಟು, ಪ್ರತಿಯೊಂದರ ಕೊನೆಗೆ ಚೀನಾ ಎಂಬರ್ಥದ ‘ಹುವಾ’ ಅಕ್ಷರವನ್ನು ಸೇರಿಸಲಾಯಿತು. ಕೋಟ್ನೀಸರು ‘ಕೆ ದಿಹುವಾ’ ಆದರು. ಅಲ್ಲಿಯೇ ಅವರಿಗೆ ತಂದೆ ತೀರಿಕೊಂಡ ವಾರ್ತೆ ಬಂತು. ಹಿಂದಿರುಗುವ ಅವಕಾಶವಿದ್ದರೂ ಅವರು ಹಿಂದಿರುಗಲಿಲ್ಲ.

ಮಂಡಲಿಯು ಹೊರಟದ್ದು ಒಂದು ವರ್ಷದ ಮಾತಿಗೆ. ಆ ಅವಧಿ ತೀರುತ್ತಿದ್ದಂತೆ ಚೋಳ್ಕರ್ ಮತ್ತು ಮುಖರ್ಜಿ ಸ್ವದೇಶಕ್ಕೆ ಮರಳಿದರು; ಅಟಲ್, ಬಸು, ಕೋಟ್ನೀಸ್ ಮೂವರು ರಣರಂಗದತ್ತ ನಡೆದರು; 1940ರಲ್ಲಿ ಚರ್ಮರೋಗದಿಂದ ಪೀಡಿತರಾಗಿ ಅಟಲರೂ ಹಿಂತಿರುಗಿದರು. ನೇಮಿತವಾದ ನಾಯಕತ್ವವು ಇಲ್ಲಿಗೆ ಮುಗಿಯಿತು. ಬಸು ಅವರನ್ನು ಯೆನಾನಿಗೆ ಕರೆಸಿಕೊಂಡ ಬಳಿಕ, ಶಾನ್ಸಿ–ಚಾಹಾರ್–ಹೋಪೇ ಗಡಿನಾಡಿನಲ್ಲಿ ಉಳಿದವರು ಕೋಟ್ನೀಸರೊಬ್ಬರೇ. ಬೆಥೂನನು 1939ರ ನವೆಂಬರ್ 12ರಂದು, ಶಸ್ತ್ರಕ್ರಿಯೆಯ ವೇಳೆ ಬೆರಳಿಗಾದ ಗಾಯವು ನಂಜೇರಿ, ಅದೇ ಸೀಮೆಯಲ್ಲಿ ತೀರಿಕೊಂಡಿದ್ದನು. ಅವನ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರ ಜನವರಿಯಲ್ಲಿ ಕೋಟ್ನೀಸರು ನಿರ್ದೇಶಕರಾದರು.

ಆಸ್ಪತ್ರೆಯೆಂದರೆ ಕೆ.ಇ.ಎಂ.ನ ಉದ್ದನೆಯ ವಾರ್ಡುಗಳನ್ನು ಕಣ್ಣಮುಂದೆ ತಂದುಕೊಳ್ಳಬಾರದು. ಗಾಯಾಳುಗಳು ಮಲಗಿದ್ದುದು ರೈತರ ಮನೆಗಳಲ್ಲಿ, ಚಳಿಗಾಲದಲ್ಲಿ ಅಡಿಯಲ್ಲಿ ಬೆಂಕಿ ಹಾಕಿ ಕಾಯಿಸುವ ‘ಕಾಂಗ್’ ಎಂಬ ಇಟ್ಟಿಗೆಯ ಜಗಲಿಗಳ ಮೇಲೆ. ಶತ್ರುಸೈನ್ಯವು ಹತ್ತಿರ ಬಂದಿತೆಂದರೆ ರೋಗಿಗಳು, ಔಷಧಗಳು, ಉಪಕರಣಗಳು ಎಲ್ಲವೂ ಬೆಟ್ಟದ ಹಾದಿ ಹಿಡಿಯಬೇಕು. ಒಮ್ಮೆ ಕಾಳಗದ ಬಿಸಿಯಲ್ಲಿ ಅವರು 72 ಗಂಟೆಗಳ ಕಾಲ ನಿದ್ರೆಯಿಲ್ಲದೆ ಶಸ್ತ್ರಕ್ರಿಯೆ ನಡೆಸಿದರೆಂಬುದು ಪ್ರಸಿದ್ಧವಾದ ಮಾತು. ಇದಕ್ಕಿಂತ ನನಗೆ ಹೆಚ್ಚಿನದಾಗಿ ತೋರುವುದು, ಅವರು ಚೀನೀ ಭಾಷೆಯನ್ನು ಕಲಿತು, ಬೆಥೂನ್ ಹೆಸರಿನ ವೈದ್ಯಶಾಲೆಯಲ್ಲಿ ಆ ಭಾಷೆಯಲ್ಲಿಯೇ ಪಾಠ ಹೇಳಿ, ವಿದ್ಯಾರ್ಥಿಗಳಿಗಾಗಿ ಶಸ್ತ್ರವೈದ್ಯದ ಪಠ್ಯಪುಸ್ತಕವನ್ನು ಬರೆಯತೊಡಗಿದುದು. ಗಾಯವನ್ನು ಹೊಲಿಯುವ ವೈದ್ಯನು ಅಂದಿನ ಕೆಲಸವನ್ನು ಮಾಡುತ್ತಾನೆ; ಹೊಲಿಯಲು ಊರಿನವರಿಗೇ ಕಲಿಸುವವನು ತಾನು ಹೋದ ಮೇಲಿನ ಕೆಲಸವನ್ನೂ ಮಾಡಿರುತ್ತಾನೆ. ಅಟಲರಿಗೆ ಅಧಿಕಾರ ಬಂದದ್ದು ಭಾರತದಲ್ಲಿ ಆದ ನೇಮಕದಿಂದ. ಕೋಟ್ನೀಸರಿಗೆ ಬಂದದ್ದು ಆತಿಥೇಯರ ನೇಮಕದಿಂದ. ಎರಡನೆಯ ಒಡೆಯನಿಗೇ ಸಂಪೂರ್ಣವಾಗಿ ತನ್ನನ್ನು ಒಪ್ಪಿಸಿಕೊಂಡವನಿಗೆ ಇಬ್ಬರ ನಡುವಿನ ತೂಗಾಟ ಉಳಿಯಲಿಲ್ಲ. ಆದರೆ ಇದನ್ನು ಎಲ್ಲರಿಗೂ ಅನುಕರಣೀಯವಾದ ಮಾದರಿಯೆಂದು ಹೇಳಲಾರೆ: ಅವರು 1942ರ ಜುಲೈಯಲ್ಲಿ ಚೀನಾದ ಸಾಮ್ಯವಾದಿ ಪಕ್ಷವನ್ನೂ ಸೇರಿದರು, ಇಂದಿನ ಯಾವ ಪರಿಹಾರ ಸಂಸ್ಥೆಯೂ ತನ್ನ ಮುಖ್ಯಸ್ಥನಿಂದ ಇದನ್ನು ಸಹಿಸದು. ತಟಸ್ಥನಾಗಿದ್ದು ನೆರವೀಯುವ ರೆಡ್ ಕ್ರಾಸಿನ ದಾರಿ ಒಂದು, ಪಕ್ಷ ಹಿಡಿದು ನೆರವೀಯುವ ದಾರಿ ಇನ್ನೊಂದು; ಕೋಟ್ನೀಸರು ನಡೆದದ್ದು ಎರಡನೆಯದರಲ್ಲಿ.

1941ರ ಕೊನೆಯಲ್ಲಿ ಅವರು ಶುಶ್ರೂಷೆಯ ಶಿಕ್ಷಕಿಯಾಗಿದ್ದ ಕುವೊ ಚಿಂಗ್‌ಲಾನಳನ್ನು ಮದುವೆಯಾದರು. ಮರುವರ್ಷ ಹುಟ್ಟಿದ ಮಗನಿಗೆ, ಭಾರತ ಮತ್ತು ಚೀನಾ ಎಂಬ ಎರಡೂ ಹೆಸರುಗಳ ಅಕ್ಷರಗಳನ್ನು ಕೂಡಿಸಿ ‘ಯಿನ್‌ಹುವಾ’ ಎಂದು ಹೆಸರಿಟ್ಟರು. ಮಗುವಿಗೆ ನಾಲ್ಕು ತಿಂಗಳು ತುಂಬುವ ಮೊದಲೇ, 1942ರ ಡಿಸೆಂಬರ್ 9ರಂದು, ಅಪಸ್ಮಾರದ ಆಘಾತದಿಂದ ಅವರು ತೀರಿಕೊಂಡರು, ವಯಸ್ಸು 32. ಬಸು ಮರುವರ್ಷ ಭಾರತಕ್ಕೆ ಬಂದರು. ಕೋಟ್ನೀಸರು ತೀರಿಕೊಂಡ ನಾಲ್ಕು ವರ್ಷಗಳಲ್ಲಿ ಈ ಕಥೆಯು ಚಲಚ್ಚಿತ್ರವಾಯಿತು: 1946ರಲ್ಲಿ ಚಿತ್ರನಿರ್ದೇಶಕ ಶಾಂತಾರಾಮರು ‘ಡಾ. ಕೋಟ್ನೀಸ್ ಕಿ ಅಮರ್ ಕಹಾನಿ’ಯನ್ನು ತೆರೆಗೆ ತಂದರು, ಕೋಟ್ನೀಸರ ಪಾತ್ರವನ್ನೂ ತಾವೇ ವಹಿಸಿದರು. ಅವರ ರಾಜಕಮಲ ಚಿತ್ರಶಾಲೆ ಇದ್ದುದೂ ಪರೇಲಿನಲ್ಲಿಯೇ. ಕೋಟ್ನೀಸರು ಓದಿದ ಕಾಲೇಜೂ ಅವರನ್ನು ಅಮರಗೊಳಿಸಿದ ಸ್ಟುಡಿಯೋವೂ ಒಂದೇ ಗಿರಣಿಪೇಟೆಯಲ್ಲಿ ಇದ್ದಂತಾಯಿತು.

ಕಳುಹಿಸಿದ ನಗರವು ಕಾಲಾಂತರದಲ್ಲಿ ಮತ್ತೆ ಬರಮಾಡಿಕೊಂಡ ನಗರವಾಯಿತು. 1971ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ‘ಗಡಿಗಳಿಲ್ಲದ ವೈದ್ಯರು’, ಅಂದರೆ ಎಂ.ಎಸ್.ಎಫ್. ಸಂಸ್ಥೆಯು, 1999ರಿಂದ ಭಾರತದಲ್ಲಿಯೂ 2006ರಿಂದ ಮುಂಬಯಿಯಲ್ಲಿಯೂ ಕೆಲಸ ಮಾಡತೊಡಗಿತು, ಎಚ್.ಐ.ವಿ. ಮತ್ತು ಔಷಧಕ್ಕೆ ಬಗ್ಗದ ಕ್ಷಯ ಅದರ ಲಕ್ಷ್ಯ, ದೇವನಾರದ ಕಸದ ಗುಡ್ಡದ ಪಕ್ಕದ ಗೋವಂಡಿ ಅದರ ಮುಖ್ಯ ಕ್ಷೇತ್ರ. ಆ ಕ್ಷಯದ ಹಳೆಯ ಚಿಕಿತ್ಸೆಯೆಂದರೆ ಎರಡು ವರ್ಷಗಳ ಕಾಲ ದಿನಕ್ಕೊಂದು ಹಿಡಿ ಗುಳಿಗೆ, ತಿಂಗಳುಗಟ್ಟಲೆ ಚುಚ್ಚುಮದ್ದು, ಆ ಮದ್ದಿನಿಂದ ಕಿವಿ ಕೆಡುವ ಭಯ. ನಡುವೆ ಊರಿಗೆ ಹೋದ ಕೂಲಿಕಾರನು ಔಷಧ ಬಿಟ್ಟನೆಂದರೆ ಪಟ್ಟ ಶ್ರಮವೆಲ್ಲ ನೀರುಪಾಲು. ರೋಗಿಗಳ ದಾಖಲೆ, ಹೊಸ ಔಷಧಗಳ ಅನುಮತಿ, ಕ್ಷಯ ನಿರ್ಮೂಲನದ ಕಾರ್ಯಕ್ರಮ ಎಲ್ಲವೂ ಸರಕಾರ ಮತ್ತು ಮಹಾನಗರಪಾಲಿಕೆಯ ಕೈಯಲ್ಲಿರುವುದರಿಂದ, ಆ ಸಂಸ್ಥೆಯ ಹೆಡ್ ಆಫ್ ಮಿಷನ್ನರ ದಿನಚರಿಯು ಚುಂಗ್‌ಕಿಂಗ್‌ನ ಅಟಲರ ದಿನಚರಿಗೆ ಬಹುಮಟ್ಟಿಗೆ ಸಮೀಪವಾದುದು: ಕಾಗದ, ಕಾಯುವಿಕೆ, ಮನವೊಲಿಕೆ. ಇಂತಹ ಸಂಸ್ಥೆಗಳಲ್ಲಿ ಆ ಹುದ್ದೆಯು ಒಬ್ಬರ ಬಳಿ ಬಹುಕಾಲ ನಿಲ್ಲುವುದಿಲ್ಲ. ಕ್ಲಿನಿಕ್ಕಿನ ದಾದಿಯರು, ಸಲಹೆಗಾರ್ತಿಯರು ಮಾತ್ರ ಗೋವಂಡಿ, ಮಾನಖುರ್ದಗಳ ಗಲ್ಲಿಗಳನ್ನು ಬಲ್ಲ ಇದೇ ನಗರದವರು.

ಕೋಟ್ನೀಸರ ಸಮಾಧಿ ಇಂದು ಶಿಚಿಯಾಚುವಾಂಗ್ ನಗರದ ಹುತಾತ್ಮರ ಸ್ಮಶಾನದಲ್ಲಿ ಬೆಥೂನನ ಸಮಾಧಿಯ ಸನ್ನಿಧಿಯಲ್ಲಿದೆ. 1925ರಲ್ಲಿ ಹಾಫ್‌ಕಿನ್ನನ ಹೆಸರು ಪಡೆದ ಸಂಸ್ಥೆಯೂ, ಕೋಟ್ನೀಸರು ಕಲಿತ ಕೆ.ಇ.ಎಂ. ಆಸ್ಪತ್ರೆಯೂ ಪರೇಲಿನಲ್ಲಿ ಆಚಾರ್ಯ ದೊಂದೆ ಮಾರ್ಗವೆಂಬ ಒಂದೇ ರಸ್ತೆಯ ಮೇಲಿವೆ.