ನಿಧಾನದ ಬೆಂಕಿ, ಮೆತ್ತನೆಯ ಮಾಂಸ

ಆದಿಕಾಂಡದ 18ನೇ ಅಧ್ಯಾಯವನ್ನು ಬಲಿಪೂಜೆಯಲ್ಲಿ ಓದಿದಾಗಲೆಲ್ಲ ನಮಗೊಂದು ಅಡುಗೆಮನೆಯ ಸಂದೇಹ ಕಾಡುತ್ತದೆ. ಬಿಸಿಲೇರಿದ ಹೊತ್ತಿನಲ್ಲಿ ಮೂವರು ಅತಿಥಿಗಳು ಅಬ್ರಹಾಮನ ಗುಡಾರದ ಮುಂದೆ ನಿಂತಿದ್ದಾರೆ. ಆತ ಮಂದೆಗೆ ಓಡಿಹೋಗಿ ಕರುವೊಂದನ್ನು ಆರಿಸಿ ಆಳಿನ ಕೈಗೆ ಕೊಡುತ್ತಾನೆ, ಆಳು ಬೇಗಬೇಗನೆ ಅಡುಗೆ ಮಾಡುತ್ತಾನೆ, ಅತಿಥಿಗಳು ಮರದ ನೆರಳಿನಲ್ಲೇ ಊಟಕ್ಕೆ ಕೂರುತ್ತಾರೆ. ಅಷ್ಟು ಬೇಗ ಮಾಂಸ ಬೆಂದದ್ದಾದರೂ ಹೇಗೆ? ಉತ್ತರ ಅಲ್ಲಿಯೇ ಇದೆ. ಆತ ಆರಿಸಿದ್ದು ಎಳೆಗರು. ಸಂತ ಲೂಕರ ಶುಭಸಂದೇಶದಲ್ಲಿ ಮನೆಗೆ ಮರಳಿದ ಕಿರಿಯ ಮಗನಿಗಾಗಿ ತಂದೆ ಕೊಯ್ಯಿಸಿದ್ದೂ ಕೊಬ್ಬಿಸಿದ ಕರುವೇ.

ನಮ್ಮ ಸೀಮೆಯ ಕಥೆ ಬೇರೆ. ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಯ ಎರೆಹೊಲಗಳಲ್ಲಿ ಎಳೆಗರುವನ್ನು ಕೊಯ್ಯುವ ಐಶ್ವರ್ಯ ಯಾರಿಗಿತ್ತು? ಕರುವೆಂದರೆ ನಾಳಿನ ನೇಗಿಲು, ನಾಡಿದ್ದಿನ ಬಂಡಿ. ಹತ್ತು ಹನ್ನೆರಡು ಮುಂಗಾರು ಉತ್ತು, ಹೆಗಲು ಗಂಟುಗಟ್ಟಿ, ಇನ್ನು ನೊಗ ಎಳೆಯಲಾರೆನೆಂದು ಕೂತ ಪ್ರಾಣಿಯೇ ಬಡವರ ಗಡಿಗೆಗೆ ಬರುತ್ತಿತ್ತು. ಹೀಗಾಗಿ ನಮ್ಮ ಕಡೆಯ ಬೀಫ್ ಅಡುಗೆಯ ಚರಿತ್ರೆ ಗಟ್ಟಿ ಮಾಂಸವನ್ನು ಮೆತ್ತಗೆ ಮಾಡಿದ ಚರಿತ್ರೆ.

ಇದು ಎಷ್ಟು ಹಳೆಯದೆಂದು ತಿಳಿಯಬೇಕಾದರೆ ಪುಸ್ತಕಕ್ಕಿಂತ ಮೊದಲು ಬೂದಿಯನ್ನು ನೋಡಬೇಕು. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬಳಿ ದೊಡ್ಡದೊಂದು ಬೂದಿದಿಬ್ಬವಿದೆ. ಹಂಪಿಯ ಹತ್ತಿರದ ನಿಂಬಾಪುರದಲ್ಲಿರುವ ಇಂಥದ್ದೇ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ಇವು ಏನೆಂಬುದರ ಬಗ್ಗೆ ವಿದ್ವಾಂಸರು ಬಹಳ ಕಾಲ ಜಗಳವಾಡಿದರು. 1960ರಲ್ಲಿ ಝಾಯ್ನರ್ ಎಂಬ ವಿಜ್ಞಾನಿ ಬಳ್ಳಾರಿ ಜಿಲ್ಲೆಯ ಬೂದಿಯನ್ನು ಪರೀಕ್ಷಿಸಿ, ಅದು ಸುಟ್ಟ ಸಗಣಿಯೆಂದು ತೋರಿಸಿದರು. 1963ರಲ್ಲಿ ಆಲ್ಚಿನ್ ಅವರು ದಕ್ಷಿಣ ಭಾರತದ ನವಶಿಲಾಯುಗದ ದನಗಾಹಿಗಳ ಬಗ್ಗೆ ಒಂದು ಗ್ರಂಥವನ್ನೇ ಬರೆದರು. ಸುಮಾರು 4000 ವರ್ಷಗಳಿಗೂ ಹಿಂದೆ ಇಲ್ಲಿ ದೊಡ್ಡ ದೊಡ್ಡ ದನದ ದೊಡ್ಡಿಗಳಿದ್ದವು, ಕೂಡಿಬಿದ್ದ ಸಗಣಿಗೆ ಆಗಾಗ ಬೆಂಕಿಯಿಡುತ್ತಿದ್ದರು ಎಂಬುದು ಈಗ ಹೆಚ್ಚಿನವರು ಒಪ್ಪುವ ಮಾತು. ಆ ಜನ ದನ ಸಾಕಿದ್ದಷ್ಟೇ ಅಲ್ಲ, ತಿಂದಿದ್ದೂ ಹೌದು. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುರಾತತ್ತ್ವಜ್ಞ ಕೆ. ಪದ್ದಯ್ಯನವರ ಉತ್ಖನನದಲ್ಲಿ ದನಗಳನ್ನು ಕಡಿಯುತ್ತಿದ್ದ ನೆಲವೇ ಸಿಕ್ಕಿತು. ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಹುರುಳಿ, ಹೆಸರು, ಕೊರಲೆಯ ಸುಟ್ಟ ಕಾಳುಗಳೂ ಮಡಿಕೆಯ ಚೂರುಗಳೂ ದೊರೆತಿವೆ. ಜೋಳದ ರೊಟ್ಟಿ ಆಗಿನ್ನೂ ಈ ಸೀಮೆಗೆ ಬಂದಿರಲಿಲ್ಲ. ಮೆಣಸಿನಕಾಯಿಯಂತೂ ಪೋರ್ಚುಗೀಸರು ತರುವವರೆಗೆ, ಇನ್ನೂ ಮೂರು ಸಾವಿರ ವರ್ಷ ಮೇಲ್ಪಟ್ಟು ಕಾಯಬೇಕಿತ್ತು. ಆದರೆ ಮಣ್ಣಿನ ಮಡಿಕೆ ಇತ್ತು, ಸಗಣಿಯ ಬೆಂಕಿ ಇತ್ತು. ಸಗಣಿಯ ಬೆಂಕಿಯ ಗುಣ ನಮ್ಮ ಹಳ್ಳಿಯ ತಾಯಂದಿರಿಗೆ ಗೊತ್ತು. ಅದು ಭುಗಿಲೇಳದು, ಬೇಗ ಆರದು. ಬೆರಣಿಯ ಮೇಲೆ ಹಾಲು ಕಾಯಿಸಿದವರು ಇದನ್ನು ಬಲ್ಲರು.

ನಮ್ಮ ಅಜ್ಜಿಯೂ ಬೆರಣಿಯನ್ನೇ ನಂಬಿದ್ದರು. ಶನಿವಾರ ರಾತ್ರಿ ಎಲ್ಲರ ಊಟವಾದ ಮೇಲೆ ಮಾಂಸದ ಗಡಿಗೆಯನ್ನು ಒಲೆಗಿಟ್ಟು, ಬಾಯಿಗೆ ಹಿಟ್ಟು ಮೆತ್ತಿ, ಮುಚ್ಚಳದ ಮೇಲೂ ಒಂದು ಹಿಡಿ ಕೆಂಡ ಹಾಕಿ ಮಲಗುವರು. ಬೆಳಿಗ್ಗೆ ಪೂಜೆ ಮುಗಿಸಿ ಬಂದು ಹಿಟ್ಟನ್ನು ಒಡೆದರೆ ಮನೆಯೆಲ್ಲ ಘಮ. ಅವರಿಗೆ ಹಲ್ಲಿರಲಿಲ್ಲ. ಮಾಂಸ ಬೆಂದಿದೆಯೋ ಇಲ್ಲವೋ ಎಂಬ ತೀರ್ಪು ಅವರ ವಸಡಿನದ್ದೇ. ಆದರೆ ನಡುರಾತ್ರಿ ಎರಡು ಸಲ ಎದ್ದು ಕೆಂಡ ಸರಿಮಾಡುತ್ತಿದ್ದರೆಂಬುದು ನಮಗೆ ತಿಳಿದದ್ದು ಅವರು ತೀರಿಕೊಂಡ ಮೇಲೆ, ಅತ್ತೆಯೊಬ್ಬರು ಹೇಳಿದಾಗ. ನಾವು ಮೆತ್ತನೆಯ ತುಂಡು ತಿಂದೆವು, ನಿದ್ದೆ ಬಿಟ್ಟವರು ಅವರು.

ಇಂಥದೇ ಇನ್ನೊಂದು ಗಡಿಗೆಯಿಂದಲೇ ಇಂದಿನ ಸ್ಲೋ ಕುಕ್ಕರ್ ಹುಟ್ಟಿತೆಂದರೆ ಓದುಗರಿಗೆ ಆಶ್ಚರ್ಯವಾದೀತು. ಸಬ್ಬತ್ ದಿನ ಬೆಂಕಿ ಹೊತ್ತಿಸಬಾರದೆಂಬುದು ವಿಮೋಚನಕಾಂಡದ 35ನೇ ಅಧ್ಯಾಯದ ಕಟ್ಟಳೆ. ಹಾಗೆಂದು ಆ ದಿನ ಬಿಸಿ ಊಟ ಬೇಡವೇ? ಯೆಹೂದ್ಯ ತಾಯಂದಿರು ಶುಕ್ರವಾರ ಸೂರ್ಯ ಮುಳುಗುವ ಮುನ್ನವೇ ಮಾಂಸ, ಕಾಳು, ಧಾನ್ಯ ತುಂಬಿದ ಪಾತ್ರೆಯನ್ನು ಬೇಕರಿಯ ಆರುತ್ತಿರುವ ಒಲೆಯೊಳಗೆ ಇಟ್ಟು, ಮರುದಿನ ತೆಗೆಯುತ್ತಿದ್ದರು. ಅದಕ್ಕೆ ಚೋಲೆಂತ್ ಎಂದು ಹೆಸರು. ಲಿಥುವೇನಿಯಾದ ವಿಲ್ನಾದಲ್ಲಿ ಹುಡುಗಿಯಾಗಿದ್ದಾಗ ಹೀಗೆ ಪಾತ್ರೆ ಹೊತ್ತು ಬೇಕರಿಗೆ ಹೋಗುತ್ತಿದ್ದ ತಾಯಿಯೊಬ್ಬಳು ಮುಂದೆ ಅಮೆರಿಕದಲ್ಲಿ ಆ ಕಥೆಯನ್ನು ಮಗನಿಗೆ ಹೇಳಿದಳು. ಮಗ ಇರ್ವಿಂಗ್ ನ್ಯಾಕ್ಸನ್ ಸಂಶೋಧಕ. ಗಡಿಗೆಯ ಸುತ್ತ ವಿದ್ಯುತ್ ತಂತಿ ಸುತ್ತಿ, ಒಲೆಯಿಲ್ಲದೆ ಮಂದವಾಗಿ ಬೇಯಿಸುವ ಪಾತ್ರೆ ಮಾಡಿ 1940ರಲ್ಲಿ ಪೇಟೆಂಟ್ ಪಡೆದ. 1970ರಲ್ಲಿ ರೈವಲ್ ಕಂಪನಿ ಅವನ ಉದ್ಯಮವನ್ನು ಕೊಂಡು, 1971ರಲ್ಲಿ ಕ್ರಾಕ್‌ಪಾಟ್ ಎಂಬ ಹೆಸರಿನಲ್ಲಿ ಮಾರಿತು. ಅಮೆರಿಕದ ಹೆಂಗಸರು ಆಗ ಹೆಚ್ಚುಹೆಚ್ಚಾಗಿ ಕೆಲಸಕ್ಕೆ ಹೊರಟಿದ್ದರು. ಬೆಳಿಗ್ಗೆ ಗುಂಡಿ ಒತ್ತಿ ಹೋದರೆ ಸಂಜೆಗೆ ಊಟ ಸಿದ್ಧ.

ನಮ್ಮ ದೇಶವೇನೂ ಹಿಂದೆ ಬಿದ್ದಿರಲಿಲ್ಲ. 1910ರ ಸುಮಾರಿಗೇ ಕಲ್ಕತ್ತೆಯ ವೈದ್ಯ ಇಂದುಮಾಧವ ಮಲ್ಲಿಕ್ ಅವರು ಇಕ್ಮಿಕ್ ಕುಕ್ಕರ್ ಮಾಡಿದ್ದರು. ಕೆಳಗೆ ಒಂದಿಷ್ಟು ಇದ್ದಿಲು, ಮೇಲೆ ಡಬ್ಬಿಯ ಮೇಲೆ ಡಬ್ಬಿ. ಅನ್ನ, ಬೇಳೆ, ಮಾಂಸ ಎಲ್ಲವೂ ಹಬೆಯಲ್ಲಿ ತಾವಾಗಿ ಬೇಯುತ್ತಿದ್ದವು. ಅದನ್ನು ಮರೆಸಿದ್ದು ಪ್ರೆಷರ್ ಕುಕ್ಕರ್. ಅದರ ಮೂಲಪುರುಷ 1679ರಲ್ಲಿ ಲಂಡನ್ನಿನಲ್ಲಿ ತನ್ನ ಯಂತ್ರ ತೋರಿಸಿದ ಫ್ರೆಂಚ್ ವಿಜ್ಞಾನಿ ದೆನಿ ಪಾಪ್ಯಾ. 1950ರ ದಶಕದ ಕೊನೆಯಿಂದ ಅದು ನಮ್ಮ ದೇಶದಲ್ಲೇ ತಯಾರಾಗಿ ಮೆಲ್ಲಗೆ ಮನೆಮನೆ ಸೇರಿತು. ಸೀಟಿ ಹೊಡೆಯುವ ಆ ಮಹಾಶಯನ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಮುದಿ ಮಾಂಸದ ಮಟ್ಟಿಗೆ ಅವನ ಕೆಲಸ ಸ್ವಲ್ಪ ಒರಟು.

ಕಾರಣವಿದೆ. ದುಡಿದ ಸ್ನಾಯುವನ್ನು ಹಿಡಿದಿಟ್ಟಿರುವುದು ಕೊಲಾಜೆನ್ ಎಂಬ ನಾರು. ಪ್ರಾಣಿಗೆ ವಯಸ್ಸಾದಂತೆ ಈ ನಾರಿನ ಎಳೆಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. 70 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖದಲ್ಲಿ, ನೀರಿನ ಜೊತೆ ಗಂಟೆಗಟ್ಟಲೆ ಇದ್ದರೆ ಅದು ಕರಗಿ ಜೆಲಟಿನ್ ಆಗುತ್ತದೆ. ಸಾರಿಗೆ ಬರುವ ಅಂಟು ಇದೇ. ಕುಕ್ಕರಿನೊಳಗೆ ಶಾಖ ಸುಮಾರು 120 ಡಿಗ್ರಿ. ಕೊಲಾಜೆನ್ ಬೇಗ ಕರಗುವುದೇನೋ ಸರಿ, ಆದರೆ ಮಾಂಸದ ಎಳೆಗಳು ಬಿಗಿದು ತಮ್ಮ ರಸವನ್ನು ಹಿಂಡಿಬಿಡುತ್ತವೆ. ಬಾಯಲ್ಲಿ ಸಿಗುವುದು ಮೆತ್ತಗಿದ್ದರೂ ಒಣಗಿದ ತುಂಡು.

ವಯಸ್ಸಿನ ಪ್ರಶ್ನೆ ಈಗ ಇನ್ನಷ್ಟು ಮುಖ್ಯ. 1964ರ ಕಾಯ್ದೆಯ ಪ್ರಕಾರ ಗೋವಧೆ ನಿಷಿದ್ಧವಾಗಿದ್ದರೂ 12 ವರ್ಷ ಮೀರಿದ ಎತ್ತು, ಕೋಣಗಳಿಗೆ ಅವಕಾಶವಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಅವಕಾಶವಿರುವುದು 13 ವರ್ಷ ಮೀರಿದ ಎಮ್ಮೆ, ಕೋಣಗಳಿಗೆ ಮಾತ್ರ, ಅದೂ ಅಧಿಕಾರಿಯ ಪ್ರಮಾಣಪತ್ರದೊಂದಿಗೆ. ಅಂದರೆ ನಮ್ಮ ರಾಜ್ಯದಲ್ಲಿ ಕಾನೂನಿಗೆ ತಲೆಬಾಗಿ ಬೀಫ್ ತಿನ್ನುವವರ ತಟ್ಟೆಗೆ ಬರುವುದು ವಯಸ್ಸಾದ ಎಮ್ಮೆಯ ಮಾಂಸ. ಎಳೆಯ ದನದ ಮಾಂಸಕ್ಕೆಂದು ಬರೆದ ವಿದೇಶಿ ಪುಸ್ತಕದ ಲೆಕ್ಕ ಇಲ್ಲಿ ಹೊಂದದು. ಅಲ್ಲಿ ಆರು ಗಂಟೆ ಎಂದಿದ್ದರೆ ಇಲ್ಲಿ ಎಂಟೋ ಒಂಬತ್ತೋ ಬೇಕು.

ಹಡಗಲಿಯಂಥ ಊರಿನಲ್ಲಿ ನಮ್ಮ ಕುಟುಂಬಗಳು ಹೆಚ್ಚಿಲ್ಲ. ಇರುವವರಲ್ಲಿ ಗಂಡ ಹೆಂಡತಿ ಇಬ್ಬರೂ ಶಾಲೆಗೋ ಆಸ್ಪತ್ರೆಗೋ ಹೋಗುವವರು. ಸಂಜೆ ಆರಕ್ಕೆ ಬಸ್ಸಿಳಿದು, ಜಪಸರ ಮುಗಿಸಿ, ಮಕ್ಕಳ ಪಾಠ ನೋಡುವ ಹೊತ್ತಿಗೆ ಮಾಂಸ ಬೇಯಿಸಲು ಕೂರುವವರಾರು? ಹಾಗಾಗಿ ಬೀಫ್ ಭಾನುವಾರದ್ದೇ ಆಗಿ ಉಳಿದಿತ್ತು. ಈಗ ನಮ್ಮ ಮನೆಯಲ್ಲಿ ಅದು ಮಂಗಳವಾರಕ್ಕೂ ಬಂದಿದೆ. ಹಿಂದಿನ ರಾತ್ರಿಯೇ ಒಂದು ಕಿಲೋ ಮಾಂಸವನ್ನು ದೊಡ್ಡ ತುಂಡುಗಳಾಗಿ ಕೊಯ್ದು, ಉಪ್ಪು ಅರಿಸಿನ ಸವರಿ ಫ್ರಿಜ್ಜಿನಲ್ಲಿ ಇಡುತ್ತೇವೆ. ಬೆಳಿಗ್ಗೆ ಎಣ್ಣೆಯಲ್ಲಿ ತುಂಡುಗಳ ಮೈ ಕಂದಾಗುವಂತೆ ಹುರಿದು, ಅದೇ ಎಣ್ಣೆಯಲ್ಲಿ ನಾಲ್ಕು ಈರುಳ್ಳಿ ಕೆಂಪಗೆ ಮಾಡಿ, ಕೊತ್ತಂಬರಿ ಬೀಜ, ಒಣಕೊಬ್ಬರಿ, ಬೆಳ್ಳುಳ್ಳಿ, ಹೊಳೆಯಾಚೆಯ ಬ್ಯಾಡಗಿ ಮೆಣಸಿನಕಾಯಿಯ ಮಸಾಲೆ ಕೂಡಿಸಿ ಸ್ಲೋ ಕುಕ್ಕರಿಗೆ ಸುರಿಯುತ್ತೇವೆ. ನೀರು ಮಾಂಸದ ಅರ್ಧದವರೆಗೆ ಸಾಕು. ಮುಚ್ಚಿದ ಪಾತ್ರೆಯಿಂದ ಹಬೆ ಹೋಗದು, ಈರುಳ್ಳಿಯೇ ನೀರು ಬಿಡುತ್ತದೆ. ಮೊದಲ ಸಲ ಈ ಗುಟ್ಟು ತಿಳಿಯದೆ ತಂಬಿಗೆಗಟ್ಟಲೆ ನೀರು ಹೊಯ್ದು ಮಾಂಸದ ತಿಳಿಸಾರು ಕುಡಿದೆವು! ಸಂಜೆ ಬಂದ ಮೇಲೆ ಎರಡು ಚಮಚ ಪುಟಾಣಿ ಹಿಟ್ಟು ಕದಡಿ ಹಾಕಿ, ಇನ್ನರ್ಧ ಗಂಟೆ ಬಿಟ್ಟರೆ ಸಾರು ರೊಟ್ಟಿಗೆ ಹತ್ತುವಷ್ಟು ಗಟ್ಟಿಯಾಗುತ್ತದೆ.

ಕರೆಂಟು ಕೈಕೊಡುವ ದಿನಗಳಿಗೆ ಬೇರೆ ಉಪಾಯವಿದೆ. 1867ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ನಾರ್ವೆಯವರು ಬೆಚ್ಚನೆಯ ಪೆಟ್ಟಿಗೆಯೊಂದನ್ನು ತೋರಿಸಿದ್ದರು. ಕುದಿಯುವ ಪಾತ್ರೆಯನ್ನು ಅದರಲ್ಲಿ ಮುಚ್ಚಿಟ್ಟರೆ ಒಲೆಯಿಲ್ಲದೆ ಅಡುಗೆ ಮುಂದುವರಿಯುತ್ತಿತ್ತು. ನಮ್ಮಲ್ಲಿ ಆ ಪೆಟ್ಟಿಗೆಯ ಕೆಲಸವನ್ನು ಕೌದಿ ಮಾಡುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಕುದಿಸಿ, ಹೊಟ್ಟು ತುಂಬಿದ ಬುಟ್ಟಿಯಲ್ಲಿಟ್ಟು ಎರಡು ಕೌದಿ ಸುತ್ತುವುದು. ಪಾತ್ರೆ ಬಾಯಿಮಟ್ಟ ತುಂಬಿರಬೇಕು, ನಡುವೆ ಮುಚ್ಚಳ ತೆಗೆಯಬಾರದು, ನಾಲ್ಕೈದು ಗಂಟೆಗಿಂತ ಹೆಚ್ಚು ಬಿಡಬಾರದು, ತೆಗೆದ ಮೇಲೆ ಮತ್ತೆ ಚೆನ್ನಾಗಿ ಕುದಿಸಬೇಕು. ಶಾಖ 60 ಡಿಗ್ರಿಗಿಂತ ಇಳಿದರೆ ಕೆಡಿಸುವ ಕ್ರಿಮಿಗಳಿಗೆ ಹಬ್ಬ. ಒಮ್ಮೆ ಕುತೂಹಲ ತಡೆಯಲಾರದೆ ಮಧ್ಯಾಹ್ನ ಮೂರು ಸಲ ಇಣುಕಿ ನೋಡಿದೆವು. ರಾತ್ರಿ ಆ ಸಾರು ಹುಳಿ ವಾಸನೆ ಬಂದು ತಿಪ್ಪೆ ಸೇರಿತು, ಮಕ್ಕಳು ಉಪ್ಪಿನಕಾಯಿಯಲ್ಲಿ ರೊಟ್ಟಿ ತಿಂದು ಮಲಗಿದರು.

ಈಗ ಮನೆಯಲ್ಲಿ ಹಲ್ಲಿಲ್ಲದವರು ನಮ್ಮ ಅಮ್ಮ. ಕಳೆದ ಪಾಸ್ಖ ಹಬ್ಬದ ನಂತರದ ಮಂಗಳವಾರ ಬೆಳಿಗ್ಗೆ ಏಳಕ್ಕೆ ಗುಂಡಿ ಒತ್ತಿ ಹೋಗಿದ್ದೆವು. ರಾತ್ರಿ ಅವರು ತುಂಡನ್ನು ಚಮಚದಿಂದಲೇ ಒತ್ತಿ ಮುರಿದು, ಸಾರಿನಲ್ಲಿ ನೆನೆದ ರೊಟ್ಟಿಯೊಂದಿಗೆ ಬಾಯಿಗಿಟ್ಟುಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅತ್ತೆಯವರಿಗೆ ಇದೊಂದು ಇದ್ದಿದ್ದರೆ ರಾತ್ರಿ ಮಲಗುತ್ತಿದ್ದರು” ಎಂದರು.